ಸಿಟಿಗೆ ಕೇಳೋದಾ, ಕೌಂಟಿಗೆ ಕೇಳೋದಾ? ಕ್ಯಾಲಿಫೋರ್ನಿಯಾದ ಸ್ಯಾಂಟಾ ಕ್ಲಾರಾ ಕೌಂಟಿಯ ಕನ್ನಡಿಗರಿಗೊಂದು ವರ್ಷದ ಕೈಪಿಡಿ

ಎರಡು ಬೇಸಿಗೆ ಹಿಂದೆ ನಮ್ಮ ಪಕ್ಕದ ಮನೆ ಖಾಲಿ ಬಿತ್ತು. ಹಿತ್ತಲಿನ ಈಜುಕೊಳ ತಿಂಗಳೊಳಗೆ ಪಾಚಿಗಟ್ಟಿತು. ಸಂಜೆಯಾದರೆ ಸಾಕು, ಸೊಳ್ಳೆ. ನಾನು ಮೊದಲು ಸಿಟಿಗೆ ಫೋನ್ ಮಾಡಿದೆ. ಅವರು ಇನ್ನೊಂದು ನಂಬರ್ ಕೊಟ್ಟರು, ಅಲ್ಲಿಂದ ಮತ್ತೊಂದು. ಮೂರನೇ ಕರೆಯಲ್ಲಿ ಗೊತ್ತಾಯಿತು: ಸೊಳ್ಳೆ ಸಿಟಿಯ ಪಾಲಿನದಲ್ಲ, ಕೌಂಟಿಯದು. 'ವೆಕ್ಟರ್ ಕಂಟ್ರೋಲ್' ಅಂತ ಅದಕ್ಕೊಂದು ವಿಭಾಗವೇ ಇದೆ.

ಒಬ್ಬರು ಬಂದರು. ಉದ್ದ ಹಿಡಿಯ ಬಿಳಿ ಸೌಟಿನಂಥದ್ದರಲ್ಲಿ ನೀರು ಮೊಗೆದು, ಅದರೊಳಗೆ ಮರಿಗಳು ಕುಣಿಯುವುದನ್ನು ತೋರಿಸಿದರು. ಆಮೇಲೆ ಬಕೆಟ್‌ನಿಂದ ಒಂದಷ್ಟು ಬೂದುಬಣ್ಣದ ಪುಟ್ಟ ಮೀನು ಬಿಟ್ಟರು. ಗ್ಯಾಂಬೂಸಿಯಾ! ಸೊಳ್ಳೆ ಮರಿ ತಿನ್ನಲಿ ಅಂತ ನಮ್ಮೂರಿನ ಬಾವಿಗೆ ಆರೋಗ್ಯ ಇಲಾಖೆಯವರು ಬಿಡುತ್ತಿದ್ದ ಅದೇ ಮೀನು. ಒಂದು ಡಾಲರೂ ಕೇಳಲಿಲ್ಲ. ಕೇಳುವ ಹಾಗೂ ಇಲ್ಲ, ಯಾಕೆಂದರೆ ಮನೆ ಕಂದಾಯದ ಬಿಲ್ಲಿನಲ್ಲಿ ಅದಕ್ಕೂ ಒಂದು ಸಾಲು ಇದೆ. ನಾನು ವರ್ಷಗಟ್ಟಲೆ ಕಟ್ಟಿದ್ದೆ, ಓದಿರಲಿಲ್ಲ ಅಷ್ಟೇ.

ಇಲ್ಲಿ ಸೇವೆಗಳಿಗೇನೂ ಕೊರತೆಯಿಲ್ಲ. ಯಾವ ಬಾಗಿಲು ತಟ್ಟಬೇಕು ಅನ್ನೋದೇ ತಲೆನೋವು. ಹೊಸದಾಗಿ ಬಂದವರಿಗೆ ಮತ್ತು ಹತ್ತು ವರ್ಷವಾದರೂ ಗೊಂದಲದಲ್ಲೇ ಇರುವವರಿಗೆ ಅಂತ ಇದನ್ನು ಬರೆದಿದ್ದೇನೆ.

ಮೊದಲು ನಿಮ್ಮ ವಿಳಾಸ ಯಾರ ಕೈಲಿದೆ ನೋಡಿಕೊಳ್ಳಿ

ಸ್ಯಾಂಟಾ ಕ್ಲಾರಾ ಕೌಂಟಿಯಲ್ಲಿ 15 ಊರುಗಳಿವೆ. ಸ್ಯಾನ್ ಹೋಸೆ, ಸನ್ನಿವೇಲ್, ಕೂಪರ್ಟಿನೋ, ಮಿಲ್ಪಿಟಾಸ್, ಮೌಂಟನ್ ವ್ಯೂ, ದಕ್ಷಿಣದ ಮಾರ್ಗನ್ ಹಿಲ್, ಗಿಲ್ರಾಯ್ ಎಲ್ಲ ಇದರಲ್ಲೇ ಬರುತ್ತವೆ. ಸ್ಯಾಂಟಾ ಕ್ಲಾರಾ ಅನ್ನೋ ಹೆಸರಿನ ಸಿಟಿ ಬೇರೆ ಇದೆ, ಗೊಂದಲ ಮಾಡಿಕೊಳ್ಳಬೇಡಿ. ಫ್ರೀಮಾಂಟ್, ಪ್ಲೆಸಂಟನ್, ಡಬ್ಲಿನ್‌ನಲ್ಲಿರುವ ಗೆಳೆಯರು ಅಲಮೀಡಾ ಕೌಂಟಿಯವರು. ಸ್ಯಾನ್ ರಮೋನ್ ಕಾಂಟ್ರಾ ಕೋಸ್ಟಾಕ್ಕೆ ಸೇರಿದ್ದು. ಮಿಲ್ಪಿಟಾಸ್‌ನಿಂದ ಫ್ರೀಮಾಂಟ್‌ಗೆ ಹತ್ತು ನಿಮಿಷದ ದಾರಿಯಾದರೂ ಅಲ್ಲಿನವರ ಸಲಹೆ ನಿಮಗೆ ಹೊಂದಬೇಕಂತಿಲ್ಲ.

ಕೌಂಟಿ ಅಂದರೆ ನಮ್ಮ ಜಿಲ್ಲೆಯಂತೆ ಅಂತ ಸುಮಾರಾಗಿ ಹೇಳಬಹುದು. ಆದರೆ ಇಲ್ಲಿ ಡಿಸಿ ಸಾಹೇಬರಿಲ್ಲ. ಜನ ಆರಿಸಿದ ಐದು ಜನ ಸೂಪರ್‌ವೈಸರ್‌ಗಳ ಮಂಡಳಿ ಇದೆ.

ಕೆಲಸದ ಹಂಚಿಕೆ ಹೀಗಿದೆ. ಕಸ, ರಸ್ತೆ ಗುಂಡಿ, ಬೀದಿ ದೀಪ, ಮನೆ ಕಟ್ಟುವ ಪರವಾನಗಿ ಇವೆಲ್ಲ ಸಿಟಿಯವು. ಕೆಲವು ಸಣ್ಣ ಊರುಗಳಲ್ಲಿ ಪೊಲೀಸ್ ಕೆಲಸವನ್ನು ಕೌಂಟಿಯ ಶೆರಿಫ್ ನೋಡಿಕೊಳ್ಳುತ್ತಾರೆ, ಕೂಪರ್ಟಿನೋದಲ್ಲಿ ಹಾಗೇ ಇದೆ. ಮನೆ ಕಂದಾಯ, ಜನನ ಮತ್ತು ಮದುವೆ ದಾಖಲೆ, ಚುನಾವಣೆ, ಸರ್ಕಾರಿ ಆಸ್ಪತ್ರೆ, ಸೊಳ್ಳೆ, ಇಲಿ ಮತ್ತು ಹೋಟೆಲ್ ತಪಾಸಣೆ ಕೌಂಟಿಯವು. ದೋಸೆ ತಿನ್ನೋಕೆ ಹೋದಾಗ ಬಾಗಿಲ ಹತ್ತಿರ ಹಸಿರು ಚೀಟಿ ಅಂಟಿಸಿರುತ್ತಾರಲ್ವಾ? ಅದು ಕೌಂಟಿ ಕೊಟ್ಟ ಪಾಸ್. ಹಳದಿ ಇದ್ದರೆ ಏನೋ ಸರಿಮಾಡಿಕೊಳ್ಳಬೇಕಾದದ್ದು ಸಿಕ್ಕಿದೆ ಅಂತ. ಕೆಂಪು ಅಂದರೆ ಮುಚ್ಚಿಸಿದ್ದಾರೆ.

ಇವೆರಡರಲ್ಲೂ ಸೇರದ ಮೂರನೇ ಗುಂಪೊಂದಿದೆ. ಪ್ರವಾಹ ತಡೆ, ಅಣೆಕಟ್ಟುಗಳ ಉಸ್ತುವಾರಿ ವ್ಯಾಲಿ ವಾಟರ್ ಅನ್ನೋ ನೀರಿನ ಸಂಸ್ಥೆಯದು. ಕರೆಂಟು ಬಹುತೇಕ ಕಡೆ ಪಿಜಿ ಅಂಡ್ ಇ ಕಂಪನಿಯ ತಂತಿಯಲ್ಲಿ ಬರುತ್ತದೆ. ಸ್ಯಾಂಟಾ ಕ್ಲಾರಾ ಸಿಟಿಗೆ, ಪಾಲೋ ಆಲ್ಟೋಗೆ ಮಾತ್ರ ಸ್ವಂತ ವಿದ್ಯುತ್ ವ್ಯವಸ್ಥೆ ಇದೆ.

ಇದೆಲ್ಲ ನೆನಪಿಡೋದು ಕಷ್ಟ ಅನಿಸಿದರೆ 211ಕ್ಕೆ ಕರೆ ಮಾಡಿ. ಬಾಡಿಗೆ, ಊಟ, ಆರೋಗ್ಯದ ನೆರವು ಎಲ್ಲಿ ಸಿಗುತ್ತದೆ ಅಂತ ದಾರಿ ತೋರಿಸುತ್ತಾರೆ. ಸ್ಯಾನ್ ಹೋಸೆಯವರಿಗೆ ಗುಂಡಿ, ಕಸದ ದೂರುಗಳಿಗೆ 311 ಇದೆ, ಅದರ ಆ್ಯಪ್ ಕೂಡ ಇದೆ. ಮನಸ್ಸು ತೀರಾ ಕುಗ್ಗಿದಾಗ 988. ಪ್ರಾಣಾಪಾಯಕ್ಕೆ 911. ಮಾತಾಡಲಾಗದ ಸ್ಥಿತಿಯಲ್ಲಿದ್ದರೆ ಈ ಕೌಂಟಿಯಲ್ಲಿ 911ಕ್ಕೆ ಮೆಸೇಜ್ ಕಳಿಸಬಹುದು.

ಊರಿಂದ ಅಪ್ಪ ಅಮ್ಮ ಬಂದಿದ್ದರೆ ಒಂದು ಕೆಲಸ ಇವತ್ತೇ ಮಾಡಿ. ಮನೆ ವಿಳಾಸವನ್ನು ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ದಪ್ಪ ಅಕ್ಷರದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ. ನಮ್ಮತ್ತೆಗೆ ಮನೆ ನಂಬರ್ ನೆನಪಿತ್ತು, ರಸ್ತೆ ಹೆಸರು ನಾಲಿಗೆಗೆ ಬರುತ್ತಿರಲಿಲ್ಲ. ಈಗ ಓದಿ ಹೇಳುತ್ತಾರೆ.

ಎರಡನೆಯದು: ಅಲರ್ಟ್‌ಗೆ ಹೆಸರು ಕೊಡಿ

'ಅಲರ್ಟ್ ಎಸ್‌ಸಿಸಿ' ಅನ್ನೋದು ಕೌಂಟಿಯ ಉಚಿತ ತುರ್ತು ಸಂದೇಶ ಸೇವೆ. ಕಾಡ್ಗಿಚ್ಚು, ಪ್ರವಾಹ, ಮನೆ ಖಾಲಿ ಮಾಡಿ ಅನ್ನೋ ಸೂಚನೆ ಇದರಲ್ಲಿ ಬರುತ್ತದೆ. ಮನೆ ವಿಳಾಸದ ಜೊತೆ ಆಫೀಸ್ ಮತ್ತು ಮಕ್ಕಳ ಶಾಲೆಯ ವಿಳಾಸವನ್ನೂ ಸೇರಿಸಿ. ಭೂಕಂಪಕ್ಕೆ 'ಮೈಶೇಕ್' ಆ್ಯಪ್ ಹಾಕಿಕೊಳ್ಳಿ, ಬರ್ಕ್ಲಿ ವಿಶ್ವವಿದ್ಯಾಲಯದವರು ಮಾಡಿದ್ದು. ನಡುಕ ತಲುಪುವ ಕೆಲವು ಸೆಕೆಂಡ್ ಮೊದಲು ಫೋನ್ ಕೂಗಿಕೊಳ್ಳುತ್ತದೆ. ಮೇಜಿನಡಿ ಹೋಗೋಕೆ ಅಷ್ಟು ಸಾಕು.

ಮೂರನೆಯದು: ಮನೆ ಕಂದಾಯ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಜನ ದುಡ್ಡು ಕಳೆದುಕೊಳ್ಳೋದು ಇಲ್ಲೇ.

ಕಂದಾಯದ ವರ್ಷ ಜುಲೈ 1ಕ್ಕೆ ಶುರು, ಜೂನ್ 30ಕ್ಕೆ ಮುಕ್ತಾಯ. ಎರಡು ಕಂತು. ಮೊದಲನೆಯದು ನವೆಂಬರ್ 1ಕ್ಕೆ ಬಾಕಿ ಬೀಳುತ್ತದೆ, ಡಿಸೆಂಬರ್ 10ರೊಳಗೆ ಕಟ್ಟಬೇಕು. ಎರಡನೆಯದು ಫೆಬ್ರವರಿ 1ಕ್ಕೆ ಬಾಕಿ, ಏಪ್ರಿಲ್ 10ರೊಳಗೆ ಕಟ್ಟಬೇಕು. ಒಂದು ದಿನ ತಪ್ಪಿದರೂ 10% ದಂಡ. 10ನೇ ತಾರೀಖು ಶನಿವಾರವೋ ಭಾನುವಾರವೋ ಬಿದ್ದರೆ ಮಾತ್ರ ಮುಂದಿನ ಕೆಲಸದ ದಿನದವರೆಗೆ ಸಮಯ ಇರುತ್ತದೆ. ನಾವು ಮನೆಯಲ್ಲಿ ಇಟ್ಟುಕೊಂಡ ಲೆಕ್ಕ ಹೀಗೆ: ದೀಪಾವಳಿ ಆಸುಪಾಸಿನಲ್ಲಿ ಒಂದು, ಯುಗಾದಿ ಆಸುಪಾಸಿನಲ್ಲಿ ಒಂದು. ಊರಿಂದ ತಂದ ಕ್ಯಾಲೆಂಡರಿನಲ್ಲಿ, ಏಕಾದಶಿ ಅಮಾವಾಸ್ಯೆಗಳ ಪಕ್ಕದಲ್ಲೇ, ಕೆಂಪು ಸ್ಕೆಚ್ ಪೆನ್ನಿನಿಂದ ಸುತ್ತು ಹಾಕಿಟ್ಟಿದ್ದೇವೆ.

ಕಂದಾಯ ಎಷ್ಟು ಅಂತ? 1978ರಲ್ಲಿ ಬಂದ 'ಪ್ರಾಪ್ 13' ಕಾನೂನಿನ ಪ್ರಕಾರ ನೀವು ಮನೆ ಕೊಂಡ ಬೆಲೆಯೇ ಲೆಕ್ಕದ ಬುಡ. ಅದರ ಮೇಲೆ 1%, ಜೊತೆಗೆ ಶಾಲೆ, ಆಸ್ಪತ್ರೆಗಳಿಗೆ ಜನ ಮತ ಹಾಕಿ ಒಪ್ಪಿದ ಬಾಂಡ್‌ಗಳ (ಅಂದರೆ ಸಾರ್ವಜನಿಕ ಸಾಲದ) ಪಾಲು. ಆ ಬುಡದ ಬೆಲೆ ವರ್ಷಕ್ಕೆ 2%ಗಿಂತ ಜಾಸ್ತಿ ಏರುವ ಹಾಗಿಲ್ಲ. ಪಕ್ಕದ ಮನೆಯ ಅಜ್ಜಿ ನಿಮ್ಮ ಕಂದಾಯದ ಹತ್ತನೇ ಒಂದು ಪಾಲು ಕಟ್ಟುತ್ತಿದ್ದರೆ ಆಶ್ಚರ್ಯಪಡಬೇಡಿ. ಅವರು 1970ರ ದಶಕದಲ್ಲಿ ಕೊಂಡಿರುತ್ತಾರೆ.

ಈಗ ನಾನು ಬಿದ್ದ ಗುಂಡಿ. ಮನೆ ಕೊಂಡ ಮೇಲೆ 'ಸಪ್ಲಿಮೆಂಟಲ್' ಅಂತ ಬೇರೆ ಬಿಲ್ಲೊಂದು ಬರುತ್ತದೆ, ಕೆಲವೊಮ್ಮೆ ಎರಡು. ಹಳೇ ಮಾಲೀಕರ ಲೆಕ್ಕದ ಬೆಲೆಗೂ ನೀವು ಕೊಂಡ ಬೆಲೆಗೂ ಇರುವ ವ್ಯತ್ಯಾಸಕ್ಕೆ, ಜೂನ್ 30ರವರೆಗಿನ ಅವಧಿಗೆ ಹಾಕಿದ ಕಂದಾಯ ಅದು. ಸಾಲ ಕೊಟ್ಟ ಬ್ಯಾಂಕೇ ಪ್ರತಿ ತಿಂಗಳು ಕಂತಿನ ಜೊತೆ ಕಂದಾಯವನ್ನೂ ಹಿಡಿದುಕೊಳ್ಳುತ್ತಿದೆ ಅಂತ ನಾನು ನಿಶ್ಚಿಂತೆಯಾಗಿದ್ದೆ. ಬ್ಯಾಂಕು ಕಟ್ಟೋದು ಮಾಮೂಲಿ ಬಿಲ್ಲು ಮಾತ್ರ. ಸಪ್ಲಿಮೆಂಟಲ್ ಬಿಲ್ಲು ನೇರ ನಿಮ್ಮ ಮನೆಗೆ ಬರುತ್ತದೆ, ನೀವೇ ಕಟ್ಟಬೇಕು. ನಾನು ಆ ಲಕೋಟೆಯನ್ನು ಜಾಹೀರಾತುಗಳ ರಾಶಿಯಲ್ಲಿ ಸೇರಿಸಿ ಕಸಕ್ಕೆ ಹಾಕಿದ್ದೆ. ದಂಡ ಕಟ್ಟಿದ ಮೇಲೆ ಬುದ್ಧಿ ಬಂತು. ಮನೆ ಕೊಂಡ ಮೊದಲ ವರ್ಷ ಕೌಂಟಿ ಹೆಸರಿನ ಒಂದು ಕಾಗದವನ್ನೂ ತೆರೆಯದೆ ಎಸೆಯಬೇಡಿ.

ಹಾಗಂತ ಸರ್ಕಾರಿ ಕಾಗದದಂತೆ ಕಾಣೋದೆಲ್ಲ ಸರ್ಕಾರದ್ದಲ್ಲ. 'ನಿಮ್ಮ ಮನೆ ಪತ್ರದ ಪ್ರತಿ ಬೇಕಾದರೆ ಇಷ್ಟು ಡಾಲರ್ ಕಳಿಸಿ' ಅನ್ನೋ ಖಾಸಗಿಯವರ ಕಾಗದವೂ ಅದೇ ವಾರ ಬರುತ್ತದೆ. ಸಣ್ಣ ಅಕ್ಷರ ಓದಿ. 'ನಾವು ಸರ್ಕಾರಿ ಸಂಸ್ಥೆಯಲ್ಲ' ಅಂತ ಎಲ್ಲೋ ಮೂಲೆಯಲ್ಲಿ ಇರುತ್ತದೆ.

ನೀವೇ ವಾಸವಿರುವ ಮನೆಯಾದರೆ ಹೋಮ್‌ಓನರ್ಸ್ ವಿನಾಯಿತಿ ಕೇಳಿ. ಲೆಕ್ಕದ ಬೆಲೆಯಲ್ಲಿ 7,000 ಡಾಲರ್ ಕಡಿಮೆ ಮಾಡುತ್ತಾರೆ. ವರ್ಷಕ್ಕೆ ಸುಮಾರು 70 ಡಾಲರ್ ಉಳಿತಾಯ. ದೊಡ್ಡ ಮೊತ್ತವೇನಲ್ಲ, ಆದರೆ ಒಮ್ಮೆ ಅರ್ಜಿ ಹಾಕಿದರೆ ಆ ಮನೆಯಲ್ಲಿ ಇರುವಷ್ಟು ವರ್ಷ ನಡೆಯುತ್ತದೆ. ಪೂರ್ತಿ ಲಾಭ ಬೇಕಾದರೆ ಫೆಬ್ರವರಿ 15ರೊಳಗೆ ಮನೆಗಳ ಲೆಕ್ಕದ ಬೆಲೆ ಕಟ್ಟುವ ಅಸೆಸರ್ ಕಚೇರಿಗೆ ಅರ್ಜಿ ತಲುಪಬೇಕು. ಶುಲ್ಕ ಇಲ್ಲ. ಯಾರಾದರೂ ಇದಕ್ಕೆ ದುಡ್ಡು ಕೇಳಿದರೆ ಬೇಡ ಅನ್ನಿ. ಮನೆ ಬೆಲೆ ಕುಸಿದು, ಕೌಂಟಿ ಹಾಕಿದ ಬೆಲೆ ಜಾಸ್ತಿಯಾಯಿತು ಅನಿಸಿದರೆ ಮೇಲ್ಮನವಿಗೆ ಜುಲೈ 2ರಿಂದ ಸೆಪ್ಟೆಂಬರ್ 15ರವರೆಗೆ ಅವಕಾಶ ಇದೆ.

ನಾಲ್ಕನೆಯದು: ದಾಖಲೆಗಳು

ಮಗು ಹುಟ್ಟಿದಾಗ ಆಸ್ಪತ್ರೆಯವರು ಪುಟ್ಟ ಪಾದದ ಗುರುತು ಹಾಕಿ ಚೆಂದದ ಕಾಗದ ಕೊಡುತ್ತಾರೆ. ಅದನ್ನು ಚೌಕಟ್ಟು ಹಾಕಿಸಿಡಿ, ಪಾಸ್‌ಪೋರ್ಟ್‌ಗೆ ನಡೆಯಲ್ಲ. ಅಸಲಿ ಜನನ ಪ್ರಮಾಣಪತ್ರವನ್ನು ಕೌಂಟಿಯಿಂದ ಕೇಳಿ ಪಡೆಯಬೇಕು. ಕ್ಯಾಲಿಫೋರ್ನಿಯಾದಲ್ಲಿ ಎರಡು ಬಗೆಯ ಪ್ರತಿ ಕೊಡುತ್ತಾರೆ: 'ಆಥರೈಸ್ಡ್' ಮತ್ತು 'ಇನ್ಫರ್ಮೇಶನಲ್'. ಎರಡನೆಯದರ ಮೇಲೆ ಗುರುತಿನ ದಾಖಲೆಯಾಗಿ ಬಳಸುವಂತಿಲ್ಲ ಅಂತ ಅಚ್ಚಾಗಿರುತ್ತದೆ. ಅರ್ಜಿಯಲ್ಲಿ 'ಆಥರೈಸ್ಡ್' ಅನ್ನೇ ಗುರುತು ಮಾಡಿ. ಅಂಚೆಯಲ್ಲಿ ಕಳಿಸುವುದಾದರೆ ನೋಟರಿ ಮುಂದೆ ಸಹಿ ಹಾಕಿದ ಹೇಳಿಕೆ ಬೇಕು. ಒಂದೇ ಸಲಕ್ಕೆ ಎರಡು ಮೂರು ಪ್ರತಿ ತೆಗೆದುಕೊಂಡರೆ ಪಾಸ್‌ಪೋರ್ಟು, ಓಸಿಐ (ಭಾರತ ಕೊಡುವ ಸಾಗರೋತ್ತರ ಪೌರ ಕಾರ್ಡು), ಶಾಲೆ ಅಂತ ಮತ್ತೆ ಮತ್ತೆ ಓಡಾಡೋದು ತಪ್ಪುತ್ತದೆ.

ಇನ್ನೊಂದು ಎಚ್ಚರಿಕೆ. ಡಿಎಂವಿಯಲ್ಲಿ, ಅಂದರೆ ಇಲ್ಲಿನ ಆರ್‌ಟಿಓದಲ್ಲಿ, ಲೈಸೆನ್ಸ್ ಮಾಡಿಸುವಾಗ ಮತದಾರರ ಪಟ್ಟಿಗೆ ಸೇರಿಸಬೇಕಾ ಅನ್ನೋ ಪ್ರಶ್ನೆ ಬರುತ್ತದೆ. ವೀಸಾದವರು, ಗ್ರೀನ್ ಕಾರ್ಡಿನವರು ಸುಮ್ನೆ 'ಹೌದು' ಒತ್ತಬೇಡಿ. ಮತ ಪೌರರಿಗೆ ಮಾತ್ರ. ಆ ಒಂದು ಟಿಕ್ ಮುಂದೆ ಪೌರತ್ವದ ಸಂದರ್ಶನದಲ್ಲಿ ದೊಡ್ಡ ತಲೆಬಿಸಿ ತರಬಹುದು.

ಐದನೆಯದು: ಕಸ

ಇಡೀ ಕೌಂಟಿಗೆ ಒಂದೇ ನಿಯಮ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು! 2022ರಿಂದ ಅಡುಗೆಮನೆ ಕಸ ಕಸ ಹೂಳುವ ಗುಂಡಿಗೆ ಹೋಗಬಾರದು ಅಂತ ರಾಜ್ಯದ ಕಾನೂನಿದೆ. ಆದರೆ ಒಂದೊಂದು ಊರಿನದು ಒಂದೊಂದು ದಾರಿ. ಕೂಪರ್ಟಿನೋದಲ್ಲಿ ತರಕಾರಿ ಸಿಪ್ಪೆ, ಉಳಿದ ಅನ್ನ ಎಲ್ಲ ಹಿತ್ತಲಿನ ಎಲೆಕಸದ ಡಬ್ಬಿಗೆ ಹೋಗುತ್ತದೆ. ಸನ್ನಿವೇಲ್‌ನಲ್ಲಿ ಒಂದೇ ಡಬ್ಬಿಗೆ ಎರಡು ಭಾಗ, ಹಳದಿ ಕಡೆ ಆಹಾರದ ಕಸಕ್ಕೆ. ಸ್ಯಾನ್ ಹೋಸೆಯ ಬಿಡಿ ಮನೆಗಳವರು ಮಾಮೂಲಿ ಕಸದ ಡಬ್ಬಿಗೇ ಹಾಕಬೇಕು, ಆಮೇಲೆ ಅವರೇ ಬೇರ್ಪಡಿಸುತ್ತಾರೆ. ಊರು ಬದಲಿಸಿದ ಮೊದಲ ವಾರವೇ ಹೊಸ ನಿಯಮ ಕೇಳಿಕೊಳ್ಳಿ.

ಹಳೇ ಬಣ್ಣ, ಬ್ಯಾಟರಿ, ಟ್ಯೂಬ್‌ಲೈಟು, ಜಿರಳೆ ಔಷಧಿ ಯಾವ ಡಬ್ಬಿಗೂ ಅಲ್ಲ. ಕೌಂಟಿಯ ಅಪಾಯಕಾರಿ ಕಸದ ಕೇಂದ್ರಕ್ಕೆ ಮೊದಲೇ ಸಮಯ ಗೊತ್ತುಮಾಡಿಕೊಂಡು ಹೋಗಬೇಕು. ಮನೆಯವರಿಗೆ ಉಚಿತ. ಕಾರಿನ ಡಿಕ್ಕಿ ತೆರೆದು ಕೂತಿರಿ, ಅವರೇ ಇಳಿಸಿಕೊಳ್ಳುತ್ತಾರೆ. ಹಳೇ ಸೋಫಾ, ಹಾಸಿಗೆಗೆ ಸ್ಯಾನ್ ಹೋಸೆಯಲ್ಲಿ ಉಚಿತವಾಗಿ ಬಂದು ಒಯ್ಯುವ ಸೇವೆ ಇದೆ. ಕೇಳದೆ ರಸ್ತೆ ಬದಿಗಿಟ್ಟರೆ ಮಾತ್ರ ದಂಡ.

ರಸ್ತೆ ಅಂಚಿನ ಮಳೆನೀರಿನ ಮೋರಿ ಸೀದಾ ಹಳ್ಳಕ್ಕೆ, ಅಲ್ಲಿಂದ ಕೊಲ್ಲಿಗೆ ಹೋಗುತ್ತದೆ. ನಡುವೆ ಯಾವ ಶುದ್ಧೀಕರಣವೂ ಇಲ್ಲ. ಬಣ್ಣದ ರಂಗೋಲಿ ನೀರನ್ನು ಅದಕ್ಕೆ ತೊಳೆಯಬೇಡಿ. ಗಣಪನನ್ನು ಹಳ್ಳಕ್ಕೋ ಜಲಾಶಯಕ್ಕೋ ಒಯ್ಯಬೇಡಿ. ಬಣ್ಣವಿಲ್ಲದ ಮಣ್ಣಿನ ಗಣಪ, ಹಿತ್ತಲಲ್ಲೊಂದು ಬಕೆಟ್ ಸಾಕು. ಮರುದಿನ ಆ ಮಣ್ಣು ಗುಲಾಬಿ ಬುಡಕ್ಕೆ.

ಇನ್ನು ಕಾಲ ಕಾಲಕ್ಕೆ

ನಮ್ಮ ಕಡೆ ಮಳೆ ಜೂನ್‌ನಲ್ಲಿ. ಇಲ್ಲಿ ಅದೆಲ್ಲ ತಿರುಗುಮುರುಗು. ಬರುವ ಮಳೆಯೆಲ್ಲ ಹೆಚ್ಚುಕಡಿಮೆ ನವೆಂಬರ್‌ನಿಂದ ಮಾರ್ಚ್‌ವರೆಗೆ ಬಂದುಬಿಡುತ್ತದೆ. ಬೇಸಿಗೆ ಪೂರ್ತಿ ಒಣ. ಸ್ಯಾನ್ ಹೋಸೆಯಲ್ಲಿ ವರ್ಷಕ್ಕೆ ಬೀಳೋದೇ ಸುಮಾರು 15 ಇಂಚು. ಇಷ್ಟು ಮಳೆಗೆ ಏನಾಗುತ್ತದೆ ಅನ್ನಬೇಡಿ. 2017ರ ಫೆಬ್ರವರಿಯಲ್ಲಿ ಆ್ಯಂಡರ್ಸನ್ ಜಲಾಶಯ ತುಂಬಿ ಹರಿದು, ಕಯೋಟಿ ಕ್ರೀಕ್ ಉಕ್ಕಿ, ಸ್ಯಾನ್ ಹೋಸೆಯಲ್ಲಿ ಸುಮಾರು 14,000 ಜನ ಮನೆ ಬಿಡಬೇಕಾಯಿತು. ಅಕ್ಟೋಬರ್‌ನಲ್ಲೇ ಸೂರಿನ ದೋಣಿಯಲ್ಲಿ ಕೂತ ಎಲೆ ತೆಗೆಯಿರಿ. ಹಳ್ಳದ ಪಕ್ಕ ಮನೆಯಿದ್ದರೆ ವ್ಯಾಲಿ ವಾಟರ್ ಉಚಿತವಾಗಿ ಕೊಡುವ ಮರಳಿನ ಚೀಲ ಮೊದಲೇ ತಂದಿಟ್ಟುಕೊಳ್ಳಿ. ಮಳೆ ಶುರುವಾದ ದಿನ ಅಲ್ಲಿ ಸಾಲು ನೋಡಬೇಕು! ಮನೆ ವಿಮೆಯಲ್ಲಿ ಪ್ರವಾಹದ ನಷ್ಟ ಸೇರಿರುವುದಿಲ್ಲ, ಅದಕ್ಕೆ ಬೇರೆ ವಿಮೆ. ಭೂಕಂಪಕ್ಕೂ ಬೇರೆ.

ಮಾರ್ಚ್ ಬಂತೆಂದರೆ ಬದನೆ, ಮೆಣಸಿನ ಬೀಜವನ್ನು ಮನೆಯೊಳಗೇ ಮೊಳಕೆ ಹಾಕಿ. ರಾತ್ರಿ ಚಳಿ ಪೂರ್ತಿ ಹೋಗದೆ ಹೊರಗೆ ನೆಟ್ಟರೆ ಸಸಿ ಮುದುರಿ ಕೂರುತ್ತದೆ. ಅವರೆ, ಹೀರೆ, ಪಡವಲಕ್ಕೆ ಮೇ ತಿಂಗಳೇ ಸರಿ. ಕರಿಬೇವನ್ನು ಕುಂಡದಲ್ಲೇ ಇಟ್ಟು ಚಳಿಗಾಲಕ್ಕೆ ಒಳಗೆ ತನ್ನಿ. ಗಿಡಕ್ಕೆ ರೋಗ ಬಂದರೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ 'ಮಾಸ್ಟರ್ ಗಾರ್ಡನರ್' ಸ್ವಯಂಸೇವಕರಿಗೆ ಫೋಟೋ ಕಳಿಸಿ ಕೇಳಬಹುದು, ಉಚಿತ. ಹಿತ್ತಲಿನ ದೊಡ್ಡ ಮರ ಕಡಿಯೋ ಮೊದಲು ಸಿಟಿಯ ಪರವಾನಗಿ ಬೇಕಾ ನೋಡಿ. ಸ್ಯಾನ್ ಹೋಸೆಯಲ್ಲಿ ಕಾಂಡದ ಸುತ್ತಳತೆ 38 ಇಂಚು ಅಥವಾ ಜಾಸ್ತಿ ಇದ್ದರೆ ಬೇಕೇ ಬೇಕು, ಮರ ನಿಮ್ಮದೇ ಆದರೂ.

ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಕಾಡ್ಗಿಚ್ಚಿನ ಭಯ. 2020ರ ಸೆಪ್ಟೆಂಬರ್ 9ರಂದು ಇಲ್ಲಿದ್ದವರಿಗೆ ಆ ಕಿತ್ತಳೆ ಬಣ್ಣದ ಆಕಾಶ ಮರೆಯೋಕಾಗಲ್ಲ. ಬೆಳಿಗ್ಗೆ ಹತ್ತಕ್ಕೂ ದೀಪ ಹಾಕಿಕೊಂಡಿದ್ದೆವು. ಎನ್-95 ಮಾಸ್ಕ್, ಒಂದು ಕೋಣೆಗಾದರೂ ಗಾಳಿ ಶೋಧಕ ಬೇಸಿಗೆಗೆ ಮುಂಚೆ ಇರಲಿ. ಬೆಟ್ಟದ ಬದಿಯವರಿಗೆ ಗಾಳಿ ಜೋರಾದಾಗ ಕರೆಂಟನ್ನೇ ತೆಗೆದುಬಿಡುವುದುಂಟು. ಬಾಗಿಲು ತೆರೆಯದಿದ್ದರೆ ಫ್ರಿಜ್ ನಾಲ್ಕು ಗಂಟೆ ತಣ್ಣಗಿರುತ್ತದೆ. ಮನೆಯಲ್ಲಿ ಎಸಿ ಇಲ್ಲದವರು ವಿಪರೀತ ಸೆಕೆಯ ದಿನ ಲೈಬ್ರರಿಗೆ ಹೋಗಿ ಕೂರಿ, ಯಾರೂ ಎಬ್ಬಿಸಲ್ಲ.

ಅಕ್ಟೋಬರ್ ಭೂಕಂಪದ ತಿಂಗಳು ಅಂದುಕೊಳ್ಳಿ. 1989ರ ಅಕ್ಟೋಬರ್ 17ರ ಸಂಜೆ 5:04ಕ್ಕೆ ಲೋಮಾ ಪ್ರಿಯೇಟಾ ಭೂಕಂಪವಾಯಿತು, ತೀವ್ರತೆ 6.9. ಪ್ರತಿ ಅಕ್ಟೋಬರ್‌ನ ಮೂರನೇ ಗುರುವಾರ ರಾಜ್ಯದಾದ್ಯಂತ ಅಣಕು ತಾಲೀಮು ನಡೆಯುತ್ತದೆ. ನಮಗೆ ಊರಲ್ಲಿ ಕಲಿಸಿದ್ದು 'ಹೊರಗೆ ಓಡು' ಅಂತ. ಇಲ್ಲಿ ಓಡಬಾರದು. ಬಗ್ಗಿ, ಮೇಜಿನಡಿ ಸೇರಿ, ಮೇಜಿನ ಕಾಲು ಹಿಡಿದುಕೊಂಡಿರಿ. ಒಬ್ಬೊಬ್ಬರಿಗೆ ಮೂರು ದಿನಕ್ಕಾದರೂ ದಿನಕ್ಕೊಂದು ಗ್ಯಾಲನ್ ನೀರು ಶೇಖರಿಸಿಡಿ. ಹಾಸಿಗೆ ಕೆಳಗೆ ಹಳೇ ಶೂ ಮತ್ತು ಟಾರ್ಚ್ ಇರಲಿ, ಒಡೆದ ಗಾಜಿನ ಮೇಲೆ ನಡೆಯೋದು ಬೇಡ. ಗ್ಯಾಸ್ ವಾಸನೆ ಬಂದರೆ ಮಾತ್ರ ಹೊರಗಿನ ವಾಲ್ವನ್ನು ಕಾಲು ಸುತ್ತು ತಿರುಗಿಸಿ. ಮತ್ತೆ ನೀವೇ ತೆರೆಯಬೇಡಿ, ಗ್ಯಾಸ್ ಕಂಪನಿಯವರೇ ಬರಬೇಕು. ದಸರಾ ಗೊಂಬೆ ಕೂರಿಸುವವರೇ, ಮೆಟ್ಟಿಲುಗಳನ್ನು ಗೋಡೆಗೆ ಕಟ್ಟಿ. ಪಟ್ಟದ ಗೊಂಬೆಯಡಿ 'ಮ್ಯೂಸಿಯಂ ಪುಟ್ಟಿ' ಅನ್ನೋ ಅಂಟು ಹಚ್ಚಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಗೊಂಬೆ ಹಾಳಾಗದೆ ಬಿಡಿಸಿಕೊಳ್ಳುತ್ತದೆ.

ದೀಪಾವಳಿಗೆ ಪಟಾಕಿ ಬೇಡ. ಆಸೆ ಅರ್ಥವಾಗುತ್ತದೆ, ಆದರೆ ಈ ಕೌಂಟಿಯಲ್ಲಿ ಮನೆ ಪಟಾಕಿ ಕಾನೂನಿಗೆ ವಿರುದ್ಧ, ಸುರುಸುರುಬತ್ತಿ ಕೂಡ. ಗಿಲ್ರಾಯ್ ಒಂದರಲ್ಲಿ ಮಾತ್ರ, ಅದೂ ಜುಲೈ 4ರ ಹಬ್ಬದ ಹೊತ್ತಿಗೆ, ಕೆಲವು ಬಗೆಯವಕ್ಕೆ ಅನುಮತಿ. ದಂಡ ನೂರಾರು ಡಾಲರ್. ಚಳಿಗಾಲದಲ್ಲಿ ಗಾಳಿ ಕೆಟ್ಟಿದೆ ಅಂತ 'ಸ್ಪೇರ್ ದಿ ಏರ್' ಘೋಷಿಸಿದ ದಿನ ಬೆಂಕಿಗೂಡಿನಲ್ಲಿ ಸೌದೆ ಉರಿಸುವಂತಿಲ್ಲ. ಹೋಮ ಇಟ್ಟುಕೊಂಡಿದ್ದರೆ ಮೊದಲೇ ದೇವಸ್ಥಾನದವರನ್ನು ಕೇಳಿ.

ಹಬ್ಬ, ಪಾರ್ಕು, ಲೈಬ್ರರಿ

ಉತ್ತರ ಕ್ಯಾಲಿಫೋರ್ನಿಯಾ ಕನ್ನಡ ಕೂಟದ ಯುಗಾದಿ, ರಾಜ್ಯೋತ್ಸವ ನಿಮಗೆ ಗೊತ್ತೇ ಇರುತ್ತದೆ. ಅದರಾಚೆಗೂ ಸ್ವಲ್ಪ ಹೋಗಿ. ವಸಂತದಲ್ಲಿ ಕೂಪರ್ಟಿನೋ ಮೆಮೋರಿಯಲ್ ಪಾರ್ಕಿನ ಚೆರಿ ಬ್ಲಾಸಮ್ ಹಬ್ಬ. ಜುಲೈನಲ್ಲಿ ಸ್ಯಾನ್ ಹೋಸೆ ಜಪಾನ್‌ಟೌನ್‌ನ ಓಬೋನ್: ಕಿಮೋನೋ ತೊಟ್ಟ ಅಜ್ಜಿಯರು ನಡುರಸ್ತೆಯಲ್ಲಿ ಸಾಲಾಗಿ ಕುಣಿಯುತ್ತಾರೆ. ಪಿತೃಗಳ ನೆನಪಿನ ಹಬ್ಬ ಅದು, ನಮ್ಮ ಪಿತೃಪಕ್ಷದಂತೆ. ಆದರೆ ಎಷ್ಟು ಸಂಭ್ರಮ! ಡಿಸೆಂಬರ್‌ನಲ್ಲಿ ಲಾಸ್ ಗ್ಯಾಟೋಸ್‌ನ ವಸೋನಾ ಪಾರ್ಕಿನಲ್ಲಿ 'ಫ್ಯಾಂಟಸಿ ಆಫ್ ಲೈಟ್ಸ್', ಟಿಕೆಟ್ ಮುಂಚೆ ತೆಗೆದುಕೊಳ್ಳಿ.

ಕೌಂಟಿ ಪಾರ್ಕುಗಳಲ್ಲಿ ನಾಮಕರಣ, ಸೀಮಂತ, ಹುಟ್ಟುಹಬ್ಬ ಮಾಡುವವರು ಬಹಳ. ಮೇಜುಗಳಿರುವ ಜಾಗವನ್ನು ಮೊದಲೇ ಕಾದಿರಿಸಿ. ಬೇಸಿಗೆಯ ಶನಿವಾರಗಳು ತಿಂಗಳುಗಟ್ಟಲೆ ಮುಂಚೆ ಮುಗಿದುಹೋಗುತ್ತವೆ. ಮೈಕ್ ಹಾಕುವುದಾದರೆ, ಸ್ವಂತ ಗ್ಯಾಸ್ ಒಲೆ ತರುವುದಾದರೆ ಬುಕಿಂಗ್ ಹೊತ್ತಿನಲ್ಲೇ ಕೇಳಿ. ಒಣಗಾಳಿಯ ದಿನಗಳಲ್ಲಿ ಬಿಸಿಬಿಸಿ ಬೋಂಡದ ಆಸೆ ಬಿಟ್ಟು, ಪುಳಿಯೋಗರೆ ಮೊಸರನ್ನ ಕಟ್ಟಿಕೊಂಡು ಹೋಗೋದು ಲೇಸು.

ಲೈಬ್ರರಿ ಕಾರ್ಡು ಕ್ಯಾಲಿಫೋರ್ನಿಯಾ ನಿವಾಸಿಗಳಿಗೆ ಉಚಿತ. ಕೌಂಟಿ ಲೈಬ್ರರಿಯದು ಒಂದು, ನಿಮ್ಮೂರಿಗೆ ಬೇರೆ ಲೈಬ್ರರಿ ಇದ್ದರೆ ಅದರದು ಇನ್ನೊಂದು, ಎರಡನ್ನೂ ಮಾಡಿಸಿ. ಪುಸ್ತಕದ ಜೊತೆ ರಾಜ್ಯ ಪಾರ್ಕುಗಳ ವಾಹನ ಪಾಸನ್ನೂ ಎರವಲು ಕೊಡುತ್ತಾರೆ. ಸಾಲಿನಲ್ಲಿ ಹೆಸರು ಬರೆಸಿ, ಬಂದಾಗ ಸಮುದ್ರ ನೋಡಿಕೊಂಡು ಬನ್ನಿ.

ಕೊನೆಗೊಂದು ಅಭ್ಯಾಸ. ಯಾವ ಕಚೇರಿಗೇ ಫೋನ್ ಮಾಡಿ, ದಿನಾಂಕ, ಮಾತಾಡಿದವರ ಹೆಸರು, ಕೊಟ್ಟ ಅರ್ಜಿ ಸಂಖ್ಯೆ ಮೂರನ್ನೂ ಬರೆದಿಡಿ. ಆ ಈಜುಕೊಳ ಹೋದ ವರ್ಷ ಮತ್ತೆ ಪಾಚಿಗಟ್ಟಿತು. ಈ ಸಲ ಹಳೇ ಸಂಖ್ಯೆ ಓದಿ ಹೇಳಿದೆ, ಒಂದೇ ಕರೆಯಲ್ಲಿ ಕೆಲಸ ಮುಗಿಯಿತು.